ಟೆಲಿಪತಿಗೆ ದ್ಯಾವಮ್ಮ ಹೇಳಿದ ಅರ್ಥ

ಫಿಲೋಮಿನಾ ಮೇಡಂ ಅವರ ಇಂಗ್ಲಿಷ್ ತರಗತಿಯ ತಪಾಸಣೆಗೆ ಬಂದ ಸಾಹೇಬರು ಗುಡುಗಿದರು: "ಟೆಲಿಪತಿ ಅಂದರೇನು? ಯಾರೂ ಹೇಳದಿದ್ದರೆ ನಿಮ್ಮ ಮೇಡಂ ಮೇಲೆ ದೂರು ಬರೆಯುತ್ತೇನೆ."

ಮಕ್ಕಳು ತಲೆ ತಗ್ಗಿಸಿದರು. ಊಟಕ್ಕೆ ಕರೆಯಲು ಬಂದಿದ್ದ ಅಡುಗೆಯ ದ್ಯಾವಮ್ಮ ಬಾಗಿಲಲ್ಲೇ ನಿಂತು, "ನಾನು ಹೇಳ್ಲಾ ಸಾರ್?" ಅಂದಳು.

"ನೀನಾ? ಹೇಳು ನೋಡೋಣ."

"ಟೆಲಿಫೋನಲ್ಲಿ ದೂರದ ಮಾತು ಕೇಳುತ್ತೆ, ಟೆಲಿವಿಷನ್ನಲ್ಲಿ ದೂರದ್ದು ಕಾಣುತ್ತೆ. ಅಲ್ಲಿಗೆ ಟೆಲಿ ಅಂದ್ರೆ ದೂರ. ಸಿಂಪತಿ ಅಂದ್ರೆ ಇನ್ನೊಬ್ಬರ ನೋವು ನಮ್ಮ ಮನಸ್ಸಿಗೆ ತಟ್ಟೋದು. ಹಂಗಾದ್ರೆ ದೂರದೋರ ಮನಸ್ಸು ನಮಗೆ ತಿಳಿಯೋದೇ ಟೆಲಿಪತಿ."

ಮೇಡಂ ಬೆರಗಾಗಿ ನಿಂತುಬಿಟ್ಟರು. ಇಷ್ಟು ಸಲೀಸಾಗಿ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಸಾಹೇಬರು ಬಿಡಲಿಲ್ಲ. "ಹಾಗಾದರೆ ನನ್ನ ಮನಸ್ಸಲ್ಲೇನಿದೆ, ಹೇಳು."

"ನೀವು ಎದುರಿಗೇ ಇದ್ದೀರಲ್ಲ ಸಾರ್, ಟೆಲಿ ಯಾಕೆ? ಹೊಟ್ಟೆ ಹಸಿದಿದೆ ಅಂತ ಮುಖವೇ ಹೇಳ್ತಿದೆ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ದೂರು ಬರೆಯಲು ತೆಗೆದಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಮಕ್ಕಳ ಪಂಕ್ತಿಯಲ್ಲೇ ಊಟಕ್ಕೆ ಕೂತರು.