ಸಣ್ಣಿಯ ತಲೆಯೊಳಗಿನ ಕೆಂಡ

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ. ಆಗ ಆಮೆಗಳಿಗೆ ಚಿಪ್ಪಿರಲಿಲ್ಲ. ಅಳಿಲಿನ ಹಾಗೆ ಓಡುತ್ತಿದ್ದವು. ನಗಬೇಡಿ, ನಿಜವಾಗಿ ಓಡುತ್ತಿದ್ದವು.

ಎಲ್ಲ ಪ್ರಾಣಿಗಳ ತಲೆಯೊಳಗೂ ಒಂದು ಒಲೆ ಉರಿಯುತ್ತಿತ್ತು. ಮಿದುಳು ಅಂದರೆ ಅದೇ. ಆ ಒಲೆಗೆ ಸೌದೆ ಹೊರುವವಳು ಮೈಯೊಳಗೆ ಹರಿಯುವ ನೆತ್ತರವ್ವ. ಒಲೆಯೋ ಮಹಾ ಹೊಟ್ಟೆಬಾಕ, ನಾಳೆಗೆಂದು ಒಂದು ಚಕ್ಕೆಯನ್ನೂ ಉಳಿಸುತ್ತಿರಲಿಲ್ಲ.

ಕೆಂಚವ್ವ ಎಂಬ ಆಮೆಗೆ ಇಬ್ಬರು ಮಕ್ಕಳು, ಬೋರ ಮತ್ತು ಸಣ್ಣಿ. ಒಂದು ಬೇಸಿಗೆಯಲ್ಲಿ ಕೆರೆ ಬತ್ತಿತು. ನೀರಿಲ್ಲದೆ ನೆತ್ತರವ್ವನೂ ಸೊರಗಿದಳು. ಬೋರನ ಕುತ್ತಿಗೆಯ ಹತ್ತಿರ ಬಂದು ಕುಸಿದು ಕುಳಿತಳು.

"ಮೇಲೆ ಹತ್ತೋಕೆ ಆಗ್ತಿಲ್ಲ ಕಣೆ ಕೆಂಚವ್ವ."

ಬೋರನ ಕಣ್ಣು ಮಂಕಾಯಿತು. ಕೆಂಚವ್ವನಿಗೆ ದಿಗಿಲು. "ಏಳೋ ಮಗನೇ, ಮಲಗಬೇಡ್ವೋ, ಓಡೋ!" ಎಂದು ಅಲುಗಿಸಿದಳು, ಬಿಸಿಲಿನಲ್ಲಿ ಓಡಿಸಿದಳು. ಆರುವ ಒಲೆಯನ್ನು ಊದುವುದೊಂದೇ ಅವಳಿಗೆ ಗೊತ್ತಿದ್ದದ್ದು. ಊದಿದಷ್ಟೂ ಒಲೆ ಧಗಧಗ ಉರಿಯಿತು. ಇದ್ದ ಸೌದೆಯನ್ನೆಲ್ಲ ತಿಂದು, ಕೊನೆಗೆ ತನ್ನನ್ನೇ ಸುಟ್ಟುಕೊಂಡಿತು. ಬೋರ ಅವ್ವನ ಮಡಿಲಲ್ಲೇ ಸತ್ತ.

ಕೆಂಚವ್ವನಿಗೆ ಅಳುವುದಕ್ಕೂ ಬಿಡುವಿರಲಿಲ್ಲ. ಸಣ್ಣಿಯ ಕಣ್ಣೂ ಮಂಕಾಗುತ್ತಿತ್ತು.

"ಇವಳನ್ನು ಊದಬೇಡ," ನೆತ್ತರವ್ವ ಪಿಸುಗುಟ್ಟಿದಳು. "ಕೆರೆಯ ಏರಿ ಮೇಲಿನ ಹೆಂಗಸರು ಕೆಂಡದ ಮೇಲೆ ಬೂದಿ ಮುಚ್ಚಿಡೋದು ನೋಡಿಲ್ವಾ?"

"ಮುಚ್ಚಿದ್ರೆ ಆರಿಹೋಗಲ್ವಾ?"

"ಉರಿಯಲ್ಲ. ಆರೋದೂ ಇಲ್ಲ."

ಮಗನನ್ನು ಈಗಷ್ಟೇ ಕಳೆದುಕೊಂಡ ತಾಯಿ, ಉಸಿರಾಡುವ ಮಗಳನ್ನು ಹೇಗೆ ಹೂಳಿಯಾಳು? ಆದರೂ ಹೂಳಿದಳು. ಅಳುತ್ತಲೇ ಕೆರೆಯ ಆಳದ ತಣ್ಣನೆಯ ಕೆಸರು ಬಗೆದಳು. ಸಣ್ಣಿಯ ಕಾಲು ಮಡಚಿ, ತಲೆಯನ್ನು ಒಳಗೆ ಸೇರಿಸಿದಳು.

"ಓಡಬೇಡ ಮಗಳೇ. ಏನೂ ಯೋಚಿಸಬೇಡ. ನನ್ನನ್ನೂ ಕರೀಬೇಡ."

ಮೇಲೆ ಕೆಸರು ಎಳೆದು, ಬಿಸಿಲು ತಾಗದಂತೆ ತಾನೇ ಅಡ್ಡ ಮಲಗಿದಳು. ಬಿಸಿಲು ಕಾಯಿತು, ಕಾಯುತ್ತಲೇ ಇತ್ತು. ಕೆಂಚವ್ವ ಏಳಲಿಲ್ಲ.

ಕೊನೆಗೊಮ್ಮೆ ಮಳೆ ಬಂತು. ನೆತ್ತರವ್ವ ಮೈದುಂಬಿಕೊಂಡು ಎದ್ದಳು. ಮಿಣುಕುವ ಕೆಂಡದ ಮೇಲೆ ಒಮ್ಮೆಗೇ ಹೊರೆ ಸುರಿದರೆ ಒಲೆಯೇ ಹಾಳು ಎಂದು ಅವಳಿಗೆ ಗೊತ್ತಿತ್ತು. ಒಂದೊಂದೇ ಕಡ್ಡಿ ಇಟ್ಟಳು. ಸಣ್ಣಿ ಮೆಲ್ಲಗೆ, ಬಹಳ ಮೆಲ್ಲಗೆ, ತಲೆ ಹೊರಗೆ ಹಾಕಿದಳು.

"ಅವ್ವಾ?"

ಅವಳ ಬೆನ್ನಿಗೆ ಅಂಟಿಕೊಂಡಿದ್ದದ್ದು ಅವ್ವನ ಬೆನ್ನು, ಒಣಗಿ ಕಲ್ಲಾಗಿತ್ತು. ಸಣ್ಣಿ ಅದನ್ನು ಕಳಚಲಿಲ್ಲ. ಹೊತ್ತುಕೊಂಡೇ ನಡೆದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ನೀವು ಮುಟ್ಟಿದರೆ ಆಮೆ ಓಡುವುದಿಲ್ಲ, ತಲೆಯೊಳಗಿನ ಕೆಂಡ ಕಾಯಲು ಅವ್ವನ ಬೆನ್ನಿನ ಕೆಳಗೆ ತಲೆ ಎಳೆದುಕೊಳ್ಳುತ್ತದೆ.