ಮಡಿಗಲ್ಲಮ್ಮನ ಸೇತುವೆ

ಶ್ರೀ ಮಡಿಗಲ್ಲಮ್ಮನ ಪಾದಗಳಿಗೆ ಪೊಡಮಟ್ಟು ಹೇಳತಕ್ಕ ಈ ಸ್ಥಳವೃತ್ತಾಂತವು ಇತರ ಕ್ಷೇತ್ರಗಳಂತೆ ಋಷಿಯ ತಪಸ್ಸಿನಿಂದಲ್ಲ, ಒಬ್ಬ ಅರಸನ ಮಾನಭಂಗದಿಂದ ಹುಟ್ಟಿದುದು. ಹೇಳಲು ನಮಗೂ ನಾಚಿಕೆಯೇ, ಆದರೆ ಮುಚ್ಚಿಟ್ಟರೆ ದೇವಿ ಮೆಚ್ಚುವವಳಲ್ಲ.

ಪೂರ್ವಕಾಲದಲ್ಲಿ ಶಂಖಿನೀ ನದೀತೀರದ ಶುಭ್ರಾವತೀಪುರವನ್ನು ಧವಳಾಂಗನೆಂಬ ಭೂಪತಿಯು ಆಳುತ್ತಿರಲು, ಅರಮನೆಯ ಮಗ್ಗುಲಲ್ಲೇ ಮಾಚವ್ವನೆಂಬ ಅಗಸಗಿತ್ತಿಯು ತಲೆತಲಾಂತರದಿಂದ ಬಂದ ಒಗೆಯುವ ಬಂಡೆಯೊಂದನ್ನು ಕುಲದೈವವೆಂದು ನಂಬಿ, ದಿನವೂ ಅದಕ್ಕೆ ಅರಿಸಿನ ಹಚ್ಚಿ, ಪೆಟ್ಟು ಕೊಡುವುದಕ್ಕಾಗಿ ಕ್ಷಮೆ ಬೇಡಿದ ಬಳಿಕವೇ ರಾಜವಸ್ತ್ರಗಳನ್ನು ಒಗೆಯುತ್ತಿದ್ದಳು. ಅದೇ ಅವಳ ದೇವರು, ಅದೇ ಅವಳ ಅನ್ನ.

ಅರಸನು ಶಿಲಾಸೇತುವೆಯನ್ನು ಕಟ್ಟಿಸಲಾಗಿ, ನಡುಗಮಾನಿನ ನೆತ್ತಿಗೆ ತಕ್ಕ ಕಲ್ಲು ದೊರೆಯದೆ, ನುಣುಪಾದ ಆ ಬಂಡೆಯ ಮೇಲೆ ಅವನ ಕಣ್ಣು ಬಿತ್ತು. ಮಾಚವ್ವ ಅರಿಸಿನದ ಕೈಯಲ್ಲೇ ಅವನ ಉತ್ತರೀಯವನ್ನು ಹಿಡಿದು ಗೋಳಾಡಿದಳು. ಬಟ್ಟೆ ಬಡಿಯುವ ಕಲ್ಲಿಗೆ ಎಂಥ ದೈವತ್ವವೆಂದು ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಅಷ್ಟೇ ಅಲ್ಲ, ಹಳದಿಯಾದ ಆ ಉತ್ತರೀಯವನ್ನು ಅದೇ ಕಲ್ಲಿನ ಮೇಲೆ ಕಡೆಯ ಬಾರಿಗೆ ಅವಳಿಂದಲೇ ಒಗೆಸಿ, ಕಲ್ಲನ್ನು ಸೇತುವೆಗೆ ಒಯ್ದರು. ಅಯ್ಯೋ, ಎಂಥ ಮನುಷ್ಯರಪ್ಪಾ!

ಸೇತುಪ್ರವೇಶದ ಶುಭಮುಹೂರ್ತದಲ್ಲಿ, ಶ್ವೇತದುಕೂಲಧಾರಿಯಾಗಿ ಅದೇ ಉತ್ತರೀಯವನ್ನು ಹೊದ್ದ ಧವಳಾಂಗನು ಪರಿವಾರಸಮೇತನಾಗಿ ಬಂದು ಆ ಶಿಲೆಯ ಮೇಲೆ ಪಾದವಿರಿಸಿದನೋ ಇಲ್ಲವೋ, ಅದರ ಮೇಲೆ ಹಿಂದೆ ತೊಳೆದುಹೋಗಿದ್ದ ಕೊಳೆಯೆಲ್ಲ, ಎಂಜಲು, ಮದ್ಯ, ರಕ್ತದ ಕಲೆಗಳ ಸಹಿತ, ಪುರಜನರ ಕಣ್ಣೆದುರಿಗೇ ಅರಸನ ಮತ್ತು ಪರಿವಾರದವರ ಬಟ್ಟೆಗಳಿಗೆ ಮರಳಿ ಅಂಟಿತು. ಆಗ ಶಿಲಾಗರ್ಭದಿಂದ ದೇವಿಯ ವಾಣಿಯು ಹೊರಟಿತು:

"ನಿಮ್ಮ ಮನೆಯ ಹೊಲಸನ್ನೆಲ್ಲ ಯಾರಿಗೂ ಹೇಳದೆ ಹೊಟ್ಟೆಗೆ ಹಾಕಿಕೊಂಡಿದ್ದೆ. ನನ್ನ ಮಗಳನ್ನು ಅಳಿಸಿ, ನನ್ನ ತಲೆಯ ಮೇಲೆ ಕಾಲಿಟ್ಟಿರಿ. ತಗೊಳ್ಳಿ, ನಿಮ್ಮದು ನಿಮಗೆ!"

ಭೂಮಿ ಬಾಯ್ಬಿಡಬಾರದೇ ಎಂದು ಅರಸನು ತಲೆತಗ್ಗಿಸಿದನು. ಕಲ್ಲನ್ನು ಹಿಂದಿರುಗಿಸೋಣವೆಂದರೆ, ಕಿತ್ತರೆ ಸೇತುವೆಯೇ ಕುಸಿಯುವುದೆಂದು ಶಿಲ್ಪಿಗಳು ಕೈಚೆಲ್ಲಿದರು. ಗತಿಯಿಲ್ಲದೆ ಅವನು ಮಾಚವ್ವನ ಕಾಲಿಗೆ ಬಿದ್ದನು. ಅವಳು ಬೈಯಲಿಲ್ಲ, ಅರಿಸಿನದ ಬಟ್ಟಲನ್ನು ಅವನ ಕೈಗಿತ್ತಳು. ಅರಸನು ಶಿಲೆಗೆ ಅರಿಸಿನ ಹಚ್ಚಿ, ಕ್ಷಮೆ ಬೇಡಿ, ಊರೆಲ್ಲ ನೋಡುತ್ತಿರಲು ತನ್ನ ಉತ್ತರೀಯವನ್ನು ತಾನೇ ಒಗೆದನು. ರಕ್ತದ ಕಲೆಯೂ ಹೋಯಿತು. ಸೆರಗಿನಲ್ಲಿ ಮರಳಿ ಮೂಡಿದ್ದ ಮಾಚವ್ವನ ಹಳದಿ ಅಂಗೈಯ ಗುರುತು ಮಾತ್ರ ಹೋಗಲಿಲ್ಲ.

ಅರಮನೆಯೀಗ ಮೋಟುಗೋಡೆ. ಸೇತುವೆ ಮಾತ್ರ ನಿಂತಿದೆ. ಭಕ್ತಾದಿಗಳು ಚಪ್ಪಲಿ ಕಳಚಿ, ನಡುಗಲ್ಲನ್ನು ತುಳಿಯದೆ ಬದಿಯಲ್ಲಿ ಹಾಯುವರು. ವರ್ಷಕ್ಕೊಮ್ಮೆ, ಮಾಘದ ಹುಣ್ಣಿಮೆಯಂದು, ಅರಸನ ವಂಶದ ಹಿರಿಯನು ಆ ಉತ್ತರೀಯವನ್ನು ತಲೆಯ ಮೇಲೆ ಹೊತ್ತು ತಂದು ಆ ಕಲ್ಲಿನ ಮೇಲೆ ಒಗೆದು, ಮಾಚವ್ವನ ಮನೆತನದ ಹೆಣ್ಣಿನ ಮುಂದೆ ಬಿಡಿಸಿ ಹಿಡಿಯಬೇಕು. ಆಕೆ ಹಳದಿ ಗುರುತನ್ನು ನೋಡಿ, ಇನ್ನೂ ಇದೆ ಎನ್ನುತ್ತಾಳೆ. ಅವನು ಮಡಿಸಿಕೊಂಡು ಹೋಗುತ್ತಾನೆ.