ಚೌಡವ್ವನ ಮಗನ ಉದ್ದದ ಪಟ್ಟಿ

ಚೌಡವ್ವನ ಮಗ ಮೈಲಾರಿಗೆ ಹೇಳಿದ್ದಷ್ಟೇ ಗೊತ್ತು, ಹೇಳದ್ದು ಒಂದೂ ಗೊತ್ತಿಲ್ಲ. ಅಂಥವನೂ ಕಂಪ್ಯೂಟರ್ ಕಲಿತ ಕಣ್ರವ್ವಾ. ಕಲಿತವನೇ ಅವ್ವನ ಬಟ್ಟೆ ಒಗೆಯುವ ಅಂಗಡಿಗೆ ಒಂದು ಪ್ರೋಗ್ರಾಮ್ ಬರೆದ. ಪಂಚೆ ಬಂದರೆ ಹೀಗೆ ಮಾಡು, ಸೀರೆ ಬಂದರೆ ಹಾಗೆ ಮಾಡು, ಜಮಖಾನ ಬಂದರೆ ಇನ್ನೊಂದು ಥರ ಮಾಡು. ಕಂಪ್ಯೂಟರ್ ಹೇಳಿದ ಹಾಗೆ ಇವನು ಒಗೆಯುವುದು. ನೋಡನೋಡುತ್ತ ಪಟ್ಟಿ ಹನುಮಪ್ಪನ ಬಾಲದ ಹಾಗೆ ಬೆಳೆಯಿತು.

ಒಂದು ದಿನ ಉಣ್ಣೆಯ ಶಾಲು ಬಂತು. ಪಟ್ಟಿಯಲ್ಲಿ ಶಾಲಿಲ್ಲ. ಕಂಪ್ಯೂಟರೂ ಸುಮ್ಮನಾಯಿತು, ಮೈಲಾರಿಯೂ ಶಾಲು ಹಿಡಿದು ಸಂಜೆವರೆಗೆ ನಿಂತೇ ಇದ್ದ. ಚೌಡವ್ವ ಹಣೆ ಚಚ್ಚಿಕೊಂಡಳು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಕುದಿಯೋ ಹಂಡೆಗೆ ಹಾಕು ಅಂತ ಕಡೇ ಸಾಲು ಬರಿ, ಎಂದಳು.

ಬರೆದ. ಮರುದಿನ ಆ ಶಾಲು ಕುದಿದು ಕೂಸಿನ ಕುಲಾವಿಯಷ್ಟಾಯಿತು. ಗಿರಾಕಿಯ ಕೊಡೆ ಬೆಂದಿತು. ಚೌಡವ್ವನ ಎಲೆಅಡಿಕೆ ಚೀಲವೂ ಬೆಂದಿತು.

"ಅಲ್ವೋ, ನನ್ನ ಚೀಲ ಒಗೆಯೋಕೆ ಕೊಟ್ಟಿದ್ದೇನೋ?"

"ಪಟ್ಟಿಯಲ್ಲಿ ಇರಲಿಲ್ಲವಲ್ಲವ್ವಾ."

ಈಗ ಚೌಡವ್ವನಿಗೆ ದಿಗಿಲು. ಆಸ್ಪತ್ರೆಯ ಬಟ್ಟೆಯೆಲ್ಲ ಇವಳಿಗೆ ಕೊಡಬೇಕೋ ಬೇಡವೋ ಎಂದು ನೋಡಲು ಸೋಮವಾರ ಅಲ್ಲಿಯ ದೊಡ್ಡ ನರ್ಸಮ್ಮ ಬರುವವಳಿದ್ದಳು. ಆ ಕೆಲಸ ತಪ್ಪಿದರೆ ಅಂಗಡಿ ಮುಚ್ಚಬೇಕು. ಮಗನನ್ನು ಎಳೆದುಕೊಂಡು, ಅವನಿಗೆ ಕಂಪ್ಯೂಟರ್ ಕಲಿಸಿದ ಇಲಾಹಿ ಮೇಷ್ಟ್ರ ಹತ್ತಿರ ಹೋಗಿ ಅತ್ತಳು.

ಮೇಷ್ಟ್ರು ಪಟ್ಟಿ ನೋಡಿ ನಕ್ಕರು. "ಇದನ್ನ ಒಡೆದುಹಾಕಪ್ಪ. ಪ್ರೋಗ್ರಾಮಿನಲ್ಲಿ ಪಂಚೆಯ ಪಾಠ ಪಂಚೆಯ ಹತ್ತಿರ ಇರಲಿ, ಸೀರೆಯದು ಸೀರೆಯ ಹತ್ತಿರ. ನೀನು ‘ಒಗೆದುಕೋ’ ಅಂದರೆ ಸಾಕು, ಅದರ ಕೆಲಸ ಅದಕ್ಕೇ ಗೊತ್ತಿರುತ್ತೆ."

ಮೈಲಾರಿ ಮನೆಗೆ ಬಂದವನೇ ಪಟ್ಟಿ ಅಳಿಸಿದ. ಬಟ್ಟೆ ಗಂಟಿನ ಮುಂದೆ ಕೂತು ಒಗೆದುಕೋ, ಒಗೆದುಕೋ ಅಂದ. ಮೊದಲು ಮೆಲ್ಲಗೆ ಹೇಳಿದ, ಆಮೇಲೆ ಗದರಿಸಿದ, ಕೊನೆಗೆ ಕೈಮುಗಿದ. ಗಂಟು ಮಿಸುಕಲಿಲ್ಲ. ಚೌಡವ್ವ ಪೊರಕೆ ಎತ್ತಿದಳು. ಒಂದೊಂದಕ್ಕೂ ಚೀಟಿ ಬರೆದು ಅಂಟಿಸೋ ಮಂಕೇ, ಚೀಟಿ ಹೇಳಿದ ಹಾಗೆ ಮಾಡು, ಇದು ಏನು ಎತ್ತ ಅಂತ ವಿಚಾರಿಸಬೇಡ, ಎಂದಳು.

ಹಾಗೇ ಮಾಡಿದ. ಸೋಮವಾರ ನರ್ಸಮ್ಮ ಬಂದಾಗ ಹಗ್ಗದ ಮೇಲಿನ ಬಟ್ಟೆಗಳು ಹಾಲಿನಂತೆ ಬೆಳ್ಳಗಿದ್ದವು. ಕೆಲಸ ನಿಮಗೇ ಎಂದು ಹೇಳಿ ಅವಳು ಬೆಂಚಿನ ಮೇಲೆ ಕೂತಳು. ಚೌಡವ್ವ ಹಿಗ್ಗಿ ಚಹಾ ತರಲು ಒಳಗೆ ಹೋದಳು. ಆ ಬೆಂಚಿನ ಮೇಲೇ ಮೈಲಾರಿ ಗೋಂದು ಹಚ್ಚಿದ ಚೀಟಿಗಳನ್ನು ಹರವಿದ್ದ. ಒಂದು ಅವಳ ಸೆರಗಿಗೆ ಅಂಟಿಕೊಂಡಿತು: ‘ನೀಲಿ ನೀರಲ್ಲಿ ಅದ್ದು.’

ಚಹಾ ಬರುವಷ್ಟರಲ್ಲಿ ನರ್ಸಮ್ಮ ನೀಲಿ ತೊಟ್ಟಿಯೊಳಗಿದ್ದಳು, ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಮೈಲಾರಿ ಅವ್ವನ ಕಡೆ ತಿರುಗಿದ.

"ಅವ್ವಾ, ಕೂಗೋ ಬಟ್ಟೆಗೆ ಬೇರೆ ಚೀಟಿ ಬರೀಬೇಕೇನೇ?"